ಒಂದು ದಿನ, ಒಂದೇ ಗುಡ್ಡ: ಶಾಲಾ ಪ್ರವಾಸ ಮಾಡಿಸುವ ಗುರುಗಳಿಗೆ ಒಂದು ಬಹಿರಂಗ ಪತ್ರ

ಬಾಗಲಕೋಟೆ ಜಿಲ್ಲೆಯ ಶಾಲೆಗಳ ಮುಖ್ಯೋಪಾಧ್ಯಾಯರಿಗೆ ಮತ್ತು ಪ್ರವಾಸದ ಹೊಣೆ ಹೊರುವ ಎಲ್ಲ ಗುರುಗಳಿಗೆ,

ನಮಸ್ಕಾರ.

ನಾನು ಬಾಗಲಕೋಟೆಯ ನವನಗರದಲ್ಲಿರುವ ಒಬ್ಬ ತಾಯಿ. ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಕಳೆದ ಚಳಿಗಾಲದಲ್ಲಿ ನನ್ನ ಮಗಳು ಏಳನೇ ತರಗತಿಯಲ್ಲಿದ್ದಳು. ಅವಳ ಶಾಲೆಯವರು ಒಂದು ದಿನದ ಪ್ರವಾಸ ಇಟ್ಟುಕೊಂಡಿದ್ದರು. ಹೆಣ್ಣುಮಕ್ಕಳು ಜಾಸ್ತಿ ಇದ್ದಾರೆ, ಇಬ್ಬರು ತಾಯಂದಿರು ಜೊತೆಗೆ ಬಂದರೆ ಅನುಕೂಲ ಅಂತ ಕೇಳಿದರು. ಖುಷಿಯಿಂದ ಹೋದೆ. ಅವತ್ತು ನೋಡಿದ್ದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಇಷ್ಟು ದಿನ ಸುಮ್ಮನಿದ್ದೆ. ಮತ್ತೆ ಪ್ರವಾಸದ ದಿನಗಳು ಹತ್ತಿರ ಬರುತ್ತಿವೆ. ಅದಕ್ಕೇ ಈ ಪತ್ರ.

ಶಾಲೆಯ ಹೆಸರು ಬರೆಯುವುದಿಲ್ಲ. ಅದು ಒಂದು ಶಾಲೆಯ ತಪ್ಪಲ್ಲ. ಅವತ್ತು ಬಾದಾಮಿಯಲ್ಲಿ ಸಾಲಾಗಿ ನಿಂತಿದ್ದ ಬಸ್ಸುಗಳಿಂದ ಇಳಿದ ಮಕ್ಕಳೆಲ್ಲ ನಮ್ಮ ಮಕ್ಕಳ ಹಾಗೇ ಓಡುತ್ತಿದ್ದರು. ಬೇರೆ ಬೇರೆ ಸಮವಸ್ತ್ರ, ಅದೇ ಓಟ.

ಪ್ರವಾಸದ ಚೀಟಿಯಲ್ಲಿ ಆರು ಹೆಸರುಗಳಿದ್ದವು. ಕೂಡಲಸಂಗಮ, ಐಹೊಳೆ, ಪಟ್ಟದಕಲ್ಲು, ಮಹಾಕೂಟ, ಬಾದಾಮಿ, ಬನಶಂಕರಿ. ಬೆಳಗಿನ ಐದೂವರೆಗೆ ಬಸ್ಸು ಹೊರಟಿತು. ಐವತ್ತೆರಡು ಮಕ್ಕಳು, ನಾಲ್ವರು ಶಿಕ್ಷಕರು, ನಾವಿಬ್ಬರು ತಾಯಂದಿರು. ಸಂಗಮದಲ್ಲಿ ಮುಖ ತೊಳೆದು ಕೈಮುಗಿದದ್ದು, ಐಹೊಳೆಯಲ್ಲಿ ದುರ್ಗದ ಗುಡಿಯ ಮುಂದೆ ಗ್ರೂಪ್ ಫೋಟೋ ತೆಗೆಸಿಕೊಂಡದ್ದು, ಪಟ್ಟದಕಲ್ಲಿನಲ್ಲಿ ಹುಲ್ಲಿನ ಮೇಲೆ ಬುತ್ತಿ ಬಿಚ್ಚಿದ್ದು ನೆನಪಿದೆ. ಉಳಿದದ್ದು ಬರೀ ಹತ್ತುವುದು, ಇಳಿಯುವುದು, ತಲೆ ಎಣಿಸುವುದು. ಬಾದಾಮಿ ಮುಟ್ಟಿದಾಗ ಮಧ್ಯಾಹ್ನ ಮೂರೂವರೆ ದಾಟಿತ್ತು. 'ಐವತ್ತು ನಿಮಿಷ, ಅಷ್ಟರಾಗ ಎಲ್ಲಾರೂ ಬಸ್ಸಿನ್ಯಾಗ ಇರಬೇಕು' ಎಂದು ಸೀಟಿ ಊದಿದರು.

ಐವತ್ತು ನಿಮಿಷದಲ್ಲಿ ಮಕ್ಕಳು ಏನು ನೋಡಿದರು ಅಂತ ಹೇಳುತ್ತೇನೆ. ನಮ್ಮ ಹಿರಿಯರು ಮೇಣಬಸದಿ ಎನ್ನುವ ನಾಲ್ಕು ಗುಹೆಗಳ ಮೆಟ್ಟಿಲನ್ನು ಸಾಲಾಗಿ ಹತ್ತಿದರು. ಮೊದಲನೇ ಗುಹೆಯ ಹದಿನೆಂಟು ಕೈಗಳ ನಟರಾಜನ ಮುಂದೆ ನಿಂತು ಕೈ ಎಣಿಸಲು ಶುರು ಮಾಡಿದ್ದರು. ಒಂಬತ್ತೋ ಹತ್ತೋ ಆಗುವಷ್ಟರಲ್ಲಿ ಹಿಂದಿನಿಂದ 'ನಡೀರಿ, ನಡೀರಿ' ಎಂಬ ಕೂಗು ಬಂತು. ಎರಡು, ಮೂರು, ನಾಲ್ಕು. ವಾಪಸ್ ಇಳಿದರು. ಒಂದು ಕೋತಿ ನಮ್ಮ ಹುಡುಗಿಯೊಬ್ಬಳ ಕೈಯಿಂದ ಚಿಪ್ಸ್ ಪ್ಯಾಕೆಟ್ ಕಿತ್ತುಕೊಂಡಿತು. ಅವಳು ಹೆದರಿ ಮೆಟ್ಟಿಲ ಮೇಲೆ ಬಿದ್ದು ಮೊಣಕಾಲು ತರಚಿಕೊಂಡಳು. ಬಸ್ಸಿನಲ್ಲಿ ಒಂದು ಹತ್ತಿ ತುಂಡೂ ಇರಲಿಲ್ಲ. ನನ್ನ ಕರ್ಚೀಫು ಹರಿದು ಕಟ್ಟಿದೆ.

ಇನ್ನೊಂದು ವಿಷಯವನ್ನು ಸಂಕೋಚ ಬಿಟ್ಟು ಬರೆಯುತ್ತಿದ್ದೇನೆ. ಹೆಣ್ಣುಮಕ್ಕಳು ಬೆಳಗಿನಿಂದ ನೀರು ಕುಡಿದಿರಲಿಲ್ಲ. ಬಾಟಲಿ ತುಂಬಿ ತಂದಿದ್ದರು, ತುಂಬಿದ ಹಾಗೇ ಇತ್ತು. ಯಾಕವ್ವಾ ಅಂತ ಕೇಳಿದರೆ ಒಬ್ಬಳು ನನ್ನ ಕಿವಿಯಲ್ಲಿ, 'ಆಂಟಿ, ನೀರು ಕುಡದ್ರ ಎಲ್ಲಿ ಹೋಗೂದು? ಬಸ್ಸು ನಿಂದ್ರಸಂಗಿಲ್ಲ' ಅಂದಳು. ಹನ್ನೆರಡು ವರ್ಷದ ಮಗು ಬಿಸಿಲಿನಲ್ಲಿ ದಿನವಿಡೀ ಬಾಯಾರಿಕೊಂಡು ತಿರುಗುವುದನ್ನು ನಾವು ಪ್ರವಾಸ ಅನ್ನಬಹುದಾ ಗುರುಗಳೇ? ಆರು ಊರು ಮುಟ್ಟಬೇಕು ಎಂಬ ಅವಸರದಲ್ಲಿ ಇಂಥದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಆದರೆ ನನಗೆ ರಾತ್ರಿ ನಿದ್ದೆ ಬಾರದ ಹಾಗೆ ಮಾಡಿದ್ದು ಬೇರೆ. ಇಳಿಯುವಾಗ ನಮ್ಮ ಗುಂಪಿನ ಹುಡುಗನೊಬ್ಬ ಜೇಬಿನಿಂದ ಕೈವಾರ ತೆಗೆದ. ದಾರಿಯ ಪಕ್ಕದ ಬಂಡೆಯ ಮೇಲೆ ತನ್ನ ಹೆಸರಿನ ಮೊದಲ ಅಕ್ಷರ ಕೊರೆಯತೊಡಗಿದ. ಅದು ಮರಳುಗಲ್ಲು. ಗಟ್ಟಿಯಾಗಿ ಕಾಣುತ್ತದೆ, ಆದರೆ ಮೊನೆ ತಾಗಿದರೆ ಕೆಂಪು ಪುಡಿ ಉದುರುತ್ತದೆ. ಅವನ ಬೆರಳ ತುದಿ ಕುಂಕುಮ ಮುಟ್ಟಿದ ಹಾಗೆ ಆಗಿತ್ತು. ಅವನ ಅಕ್ಷರದ ಸುತ್ತ ಆಗಲೇ ಹತ್ತಾರು ಹೆಸರು, ಬಾಣ ಚುಚ್ಚಿದ ಹೃದಯ, ಇಸವಿಗಳಿದ್ದವು. ನಮ್ಮ ಜೊತೆಗಿದ್ದ ಶಿಕ್ಷಕರೊಬ್ಬರು ನೋಡಿದರು. 'ಏ, ಸಾಕ್ ಬಾರೋ, ಬಸ್ಸು ಹೊಂಟೈತಿ' ಅಂದರು. ಅಷ್ಟೇ. ತಪ್ಪು ಅಂತ ಹೇಳುವುದಕ್ಕೂ ಹೊತ್ತಿರಲಿಲ್ಲ.

ನಾನು ತಡೆದೆ. ಆಗ ಆ ಹುಡುಗ ಕೇಳಿದ ಪ್ರಶ್ನೆ ನೋಡಿ. 'ಆಂಟಿ, ಒಳಗ ಅವರೂ ಕಲ್ಲ ಮ್ಯಾಲ ಬರದಾರಲ್ಲ? ನಾ ಬರದ್ರ ಏನಾತು?'

ಅವನು ಕೊಬ್ಬಿನಿಂದ ಕೇಳಿದ್ದಲ್ಲ. ನಿಜವಾಗಿ ಕೇಳಿದ. ಒಂದು ತಾಸು ಆ ಹುಡುಗನನ್ನು ಕೂರಿಸಿಕೊಂಡು ಮಾತಾಡುವಂಥ ಪ್ರಶ್ನೆ ಅದು. ನನಗೆ ಅವತ್ತು ಉತ್ತರ ಗೊತ್ತಿರಲಿಲ್ಲ. ಗೊತ್ತಿದ್ದ ಗುರುಗಳು ತಲೆ ಎಣಿಸುತ್ತಿದ್ದರು.

ಮನೆಗೆ ಬರುವಾಗ ರಾತ್ರಿ ಹತ್ತೂವರೆ. ಮರುದಿನ ಪ್ರವಾಸದ ಬಗ್ಗೆ ಪ್ರಬಂಧ ಬರೆದು ತರಬೇಕಿತ್ತು. ಮಗಳು ಪೆನ್ನು ಹಿಡಿದು ಕೂತವಳು, 'ಮಮ್ಮಿ, ಬಾದಾಮಿಯಾಗ ನಾವು ಏನ್ ನೋಡಿದ್ವಿ?' ಅಂತ ನನ್ನನ್ನೇ ಕೇಳಿದಳು. ಕೊನೆಗೆ ಪಠ್ಯಪುಸ್ತಕ ತೆಗೆದು ಅದರಲ್ಲಿದ್ದುದನ್ನೇ ನೋಡಿ ಬರೆದಳು.

ಎರಡು ವಾರ ಬಿಟ್ಟು ಒಂದು ಭಾನುವಾರ ನಾನು ಮಗಳನ್ನೂ ಅವಳ ಇಬ್ಬರು ಗೆಳತಿಯರನ್ನೂ ಕರೆದುಕೊಂಡು ಬೆಳಗಿನ ಬಸ್ಸಿಗೆ ಬಾದಾಮಿಗೆ ಹೋದೆ. ನಮ್ಮೂರಿನಿಂದ ಸುಮಾರು ನಲವತ್ತು ಕಿಲೋಮೀಟರ್. ಬೇರೆ ಎಲ್ಲಿಗೂ ಹೋಗುವುದಿಲ್ಲ, ಇಡೀ ದಿನ ಗುಡ್ಡದಲ್ಲೇ ಇರೋಣ ಎಂದು ಮೊದಲೇ ಮಾತಾಡಿಕೊಂಡಿದ್ದೆವು. ಪಕ್ಕದ ಮನೆಯ ನಿವೃತ್ತ ಮಾಸ್ತರರ ಹತ್ತಿರ ನಾಲ್ಕು ಸಂಜೆ ಕೂತು ಕೇಳಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಆ ದಿನದ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ದಯವಿಟ್ಟು ಓದಿ. ನಾನು ಕೇಳುತ್ತಿರುವುದು ಏನು ಅಂತ ಅದರಿಂದಲೇ ತಿಳಿಯುತ್ತದೆ.

ಮೊದಲು ಹತ್ತಿದ್ದು ಗುಹೆಗಳಿಗಲ್ಲ, ಎದುರಿನ ಬಡಗಣ ಗುಡ್ಡಕ್ಕೆ. ಶಾಲೆಯ ಬಸ್ಸುಗಳು ಅತ್ತ ಸುಳಿಯುವುದೇ ಕಡಿಮೆ. ವಸ್ತುಸಂಗ್ರಹಾಲಯದ ಪಕ್ಕದಿಂದ ದಾರಿ. ನಾಲ್ಕು ಹೆಜ್ಜೆ ಹೋದರೆ ಎರಡೂ ಕಡೆ ಬಂಡೆ ಎದ್ದು ನಿಲ್ಲುತ್ತದೆ. ನಡುವೆ ಓಣಿಯಂಥ ಸಂದು. ಹೊರಗೆ ಬಿಸಿಲಿದ್ದರೂ ಅಲ್ಲಿ ತಂಪು. ಮೇಲೆ ನೋಡಿದರೆ ಆಕಾಶ ಒಂದು ರಿಬ್ಬನ್ನಿನಷ್ಟು. ಮಕ್ಕಳು ಕೂಗಿದರು, ಬಂಡೆ ತಿರುಗಿ ಕೂಗಿತು. ಹದಿನೈದು ನಿಮಿಷ ಅಲ್ಲೇ ಕಳೆಯಿತು. ನಾನು ಅವಸರ ಮಾಡಲಿಲ್ಲ.

ಆ ಸಂದಿನ ಗೋಡೆಯನ್ನು ಮಗಳು ಅಂಗೈಯಿಂದ ಸವರುತ್ತಾ ಹೋಗುತ್ತಿದ್ದಳು. ಇದ್ದಕ್ಕಿದ್ದಂತೆ ನಿಂತಳು. 'ಮಮ್ಮಿ, ಈ ಕಲ್ಲಿನ್ಯಾಗ ನೀರು ಹರದಂಗ ಗೆರಿ ಅದಾವ ನೋಡು.' ನೋಡಿದೆ. ಹೌದು. ಹೊಳೆ ಬತ್ತಿದ ಮೇಲೆ ಮರಳಿನ ಮೇಲೆ ಉಳಿಯುತ್ತದಲ್ಲ, ಸಣ್ಣ ಸಣ್ಣ ಅಲೆ, ಹಾಗೇ. ಒಂದರ ಮೇಲೊಂದು ಪದರ, ಕೆಲವು ಓರೆಯಾಗಿ. ಮಾಸ್ತರರು ಹೇಳಿದ್ದು ಆಗ ಅರ್ಥವಾಯಿತು. ಇಡೀ ಗುಡ್ಡ ಒಂದು ಕಾಲಕ್ಕೆ ನೀರು ತಂದು ಹಾಸಿದ ಮರಳು. ಕೋಟ್ಯಂತರ ವರ್ಷದಲ್ಲಿ ಒತ್ತಿ ಒತ್ತಿ ಕಲ್ಲಾಗಿದೆ. ಈ ಕಲ್ಲಿನ ಸಮೂಹಕ್ಕೆ ಭೂವಿಜ್ಞಾನದವರು ಕಲಾದಗಿ ಅಂತಲೇ ಹೆಸರಿಟ್ಟಿದ್ದಾರಂತೆ. ದಾಳಿಂಬೆ, ಚಿಕ್ಕು ಬೆಳೆಯುವ ನಮ್ಮ ಕಲಾದಗಿ! ಮಕ್ಕಳಿಗೆ ಇದನ್ನು ಹೇಳಿದಾಗ ಅವರ ಮುಖ ನೋಡಬೇಕಿತ್ತು. ಒಬ್ಬಳ ತಾಯಿಯ ತವರೇ ಕಲಾದಗಿ.

ಮೇಲೆ ಹೋದರೆ ಕೆಳಗಿನ ಶಿವಾಲಯ, ಕಾವಲು ಬುರುಜು, ದವಸ ತುಂಬಿಡುತ್ತಿದ್ದ ಕಣಜಗಳು, ತುದಿಯಲ್ಲಿ ಮೇಲಿನ ಶಿವಾಲಯ. ಮೇಲಿನ ಶಿವಾಲಯದ ಗೋಡೆಯಲ್ಲಿ ಕೃಷ್ಣ ಗೋವರ್ಧನ ಎತ್ತಿದ್ದಾನೆ, ರಾಮಾಯಣದ ಕಥೆಯೂ ಇದೆ. ಯಾವುದು ಯಾವ ಕಥೆ ಅಂತ ಮಕ್ಕಳೇ ಜಗಳವಾಡಿ ಗುರುತಿಸಿದರು. ಅಲ್ಲಿಂದ ಕೆಳಗೆ ನೋಡಿದರೆ ಅಗಸ್ತ್ಯ ತೀರ್ಥ ಎಂಬ ಹೊಂಡದ ಹಸಿರು ನೀರು. ದಂಡೆಯಲ್ಲಿ ಭೂತನಾಥನ ಗುಡಿ. ಆಚೆ ಕೆಂಪು ಗೋಡೆಯಂಥ ಗುಡ್ಡದಲ್ಲಿ ಕಪ್ಪು ಬಾಗಿಲುಗಳ ಹಾಗೆ ಗುಹೆಗಳು. ಮಳೆಗಾಲದಲ್ಲಿ ಬಂದರೆ ಈ ಬಂಡೆಗಳಿಂದಲೇ ಅಕ್ಕ-ತಂಗಿ ಎಂಬ ಜೋಡಿ ಜಲಪಾತ ಧುಮುಕುತ್ತದೆ. ಮೊದಲನೇ ಪುಲಕೇಶಿ ಈ ಜಾಗದಲ್ಲಿ ಯಾಕೆ ಕೋಟೆ ಕಟ್ಟಿದ ಅಂತ ಮಕ್ಕಳಿಗೆ ಯಾರೂ ಹೇಳಬೇಕಾಗಲಿಲ್ಲ. 'ಇಲ್ಲಿಂದ ಯಾರ್ ಬಂದ್ರೂ ಕಾಣಸ್ತದ, ಕುಡ್ಯಾಕ ನೀರೂ ಐತಿ' ಅಂದಳು ಗೆಳತಿಯೊಬ್ಬಳು. ಕೋಟೆ ಕಟ್ಟಿಸಿದೆ ಎಂದು ಅವನು ಇದೇ ಗುಡ್ಡದ ಬಂಡೆಯ ಮೇಲೆ ಶಕ 465ರಲ್ಲಿ, ಅಂದರೆ ಕ್ರಿ.ಶ. 543ರಲ್ಲಿ, ಶಾಸನ ಬರೆಸಿದ್ದಾನೆ. ಶಾಲೆಯಲ್ಲಿ ಆ ಇಸವಿಯನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅದು ಬಂದದ್ದು ಈ ಕಲ್ಲಿನಿಂದ ಅಂತ ಅವರಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಹೊಂಡದ ದಂಡೆಯ ನೆರಳಲ್ಲಿ ಕೂತು ರೊಟ್ಟಿ ತಿಂದೆವು. ಹೊಟ್ಟೆ ತುಂಬ ನೀರು ಕುಡಿದೆವು. ಆಮೇಲೆ ಗುಹೆಗಳಿಗೆ ಹೋದೆವು. ನಟರಾಜನ ಹದಿನೆಂಟು ಕೈಗಳನ್ನೂ ಎಣಿಸಿದೆವು, ಎರಡು ಸಲ.

ಮೂರನೇ ಗುಹೆಯಲ್ಲಿ ಜಾಸ್ತಿ ಹೊತ್ತು ಕೂತೆವು. ಅದು ದೊಡ್ಡದು, ಚೆಂದದ್ದು. ಪುಲಕೇಶಿಯ ಮಗ ಮಂಗಳೇಶ ಅದನ್ನು 578ರಲ್ಲಿ ವಿಷ್ಣುವಿಗೆ ಮಾಡಿಸಿದ. ಅಲ್ಲಿ ಅವನ ಸಂಸ್ಕೃತ ಶಾಸನವೂ ಇದೆ, ಕನ್ನಡದ ಶಾಸನವೂ ಇದೆ. ಕನ್ನಡದ ಶಾಸನದಲ್ಲಿ ಈ ಗುಹೆಯನ್ನು ಏನೆಂದು ಕರೆದಿದ್ದಾರೆ ಗೊತ್ತಾ? 'ಕಲ್ಮನೆ'. ಮಂಗಳೀಶನ ಕಲ್ಮನೆಗೆ ಲಂಜಿಗೇಸರ ಎಂಬ ಊರನ್ನು ಕೊಟ್ಟದ್ದು ಎಂದು ಬರೆದಿದೆ. ಕಲ್ಮನೆ! ಕಲ್ಲಿನ ಮನೆ. ಹದಿನಾಲ್ಕು ನೂರು ವರ್ಷದ ಹಿಂದಿನ ಮಾತು, ನಮ್ಮ ಅಡುಗೆಮನೆಯಲ್ಲಿ ಇವತ್ತು ಆಡಿದ ಹಾಗಿದೆ. ಆ ಶಬ್ದ ಮಕ್ಕಳಿಗೆ ಎಷ್ಟು ಹಿಡಿಸಿತೆಂದರೆ, ಸಂಜೆಯವರೆಗೆ ಅವರು ಗುಹೆ ಎನ್ನಲೇ ಇಲ್ಲ. ಒಂದನೇ ಕಲ್ಮನೆ, ಎರಡನೇ ಕಲ್ಮನೆ ಅಂತಲೇ ಅಂದರು.

ಕೊನೆಗೆ ಹೊಂಡದ ಈಶಾನ್ಯ ಬದಿಗೆ, ಚಾಲುಕ್ಯರ ಕಾಲದ ವೀರ ಕಪ್ಪೆ ಅರಭಟ್ಟನ ಶಾಸನ ಇರುವ ಬಂಡೆಯ ಕಡೆಗೆ ನಡೆದೆವು. ಸುಮಾರು 700ನೇ ಇಸವಿಯದು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿ ಇರುವುದು ಅಲ್ಲಿ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿದ್ದೆ. ಬಂಡೆಯ ಎದುರು ನಿಂತು ಮೂವರೂ ಹುಡುಗಿಯರು ಒಟ್ಟಿಗೆ ಓದಿದರು:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಒಳ್ಳೆಯವರಿಗೆ ಒಳ್ಳೆಯವನು, ಸಿಹಿಯಾಗಿ ಇರುವವರಿಗೆ ಸಿಹಿ, ಕಾಡುವವರಿಗೆ ಎದುರು ನಿಲ್ಲುವವನು. ಮಾಸ್ತರರು ನನಗೆ ಅರ್ಥ ಹೇಳಿದ್ದು ಹೀಗೆ. ಓದುವಾಗ ನನ್ನ ಗಂಟಲು ಕಟ್ಟಿತು. ಯಾಕೆಂದರೆ ನಮ್ಮವ್ವ ಬೀಸುವ ಕಲ್ಲಿನ ಮುಂದೆ ಕೂತು ಹಾಡುತ್ತಿದ್ದ ಪದಗಳೂ ಮೂರು ಸಾಲಿನವೇ. ಸರ್ವಜ್ಞ ಬರೆದದ್ದೂ ಮೂರು ಸಾಲೇ. ಅಕ್ಷರ ಬಾರದ ನಮ್ಮವ್ವನ ಹಾಡಿನ ಅಣ್ಣನೋ ಅಕ್ಕನೋ ಈ ಬಂಡೆಯ ಮೇಲೆ ಕೂತಿದೆ. ನಲವತ್ತು ಕಿಲೋಮೀಟರ್ ದೂರದಲ್ಲಿದ್ದೂ ನಾನು ಮೂವತ್ತೆಂಟನೇ ವಯಸ್ಸಿಗೆ ಅದನ್ನು ನೋಡಿದೆ. ನನ್ನ ಮಗಳಿಗೆ ಅಷ್ಟು ತಡ ಆಗಲಿಲ್ಲ ಎಂಬುದೇ ಸಮಾಧಾನ.

ಆ ಹುಡುಗನ ಪ್ರಶ್ನೆಗೆ ಉತ್ತರವೂ ನನಗೆ ಅಲ್ಲೇ ಸಿಕ್ಕಿತು. ಅವನಿಗೆ ಹೋಗಿ ಹೇಳಿದೆ ಕೂಡ. 'ನೋಡಪ್ಪಾ, ಅರಭಟ್ಟನ ಕಾಲದಾಗ ಅಚ್ಚಿನ ಪುಸ್ತಕ ಇರಲಿಲ್ಲ. ಊರಿಗೆಲ್ಲ ಹೇಳಬೇಕಾದ ಮಾತನ್ನ ಕಲ್ಲಿಗೆ ಹೇಳಿ ಹೋದರು. ನೀ ಕೈವಾರದಿಂದ ಗೀಚಿದ್ರ, ಅವರ ಮಾತಿನ ಮ್ಯಾಲ ನೀ ಗೀಚಿದಂಗ.' ಅವನು ತಲೆ ತಗ್ಗಿಸಿದ. ಆಮೇಲೆ, 'ನನ್ನನ್ನೂ ಕರಕೊಂಡು ಹೋಗ್ರಿ ಆಂಟಿ, ಆ ಕಪ್ಪಿ ಶಾಸನ ನೋಡಬೇಕು' ಅಂದ. ಅವನನ್ನು ಕರೆದುಕೊಂಡು ಹೋಗಬೇಕಾದವರು ನೀವು, ಗುರುಗಳೇ.

ನಿಮ್ಮ ಕಷ್ಟ ಗೊತ್ತಿಲ್ಲದೆ ಬರೆಯುತ್ತಿಲ್ಲ. ಐವತ್ತು ಮಕ್ಕಳನ್ನು ಬೆಳಗಿನಿಂದ ರಾತ್ರಿಯವರೆಗೆ ಸಂಭಾಳಿಸುವುದು ಸುಲಭವಲ್ಲ. ಒಂದು ಮಗು ಎಡವಿದರೂ ಊರೆಲ್ಲ ನಿಮ್ಮನ್ನೇ ಕೇಳುತ್ತದೆ. ಆರು ಊರಿನ ಆಸೆ ಹುಟ್ಟಿಸಿದವರಲ್ಲಿ ನಾವು ಪಾಲಕರೂ ಇದ್ದೇವೆ. 'ಆರುನೂರಾ ಐವತ್ತು ರೂಪಾಯಿ ಕೊಟ್ಟು ಒಂದೇ ಊರಾ?' ಎಂದು ಕೇಳುವವರು ನಾವೇ. ಪಕ್ಕದ ಶಾಲೆಯವರು ಏಳು ತೋರಿಸಿದರು, ನೀವು ಯಾಕೆ ಐದೇ ಅಂತ ಲೆಕ್ಕ ಹಾಕುವವರೂ ನಾವೇ. ಈ ಪತ್ರ ಓದುವ ಪಾಲಕರಲ್ಲೂ ನನ್ನದು ಅದೇ ಕೋರಿಕೆ. ಆ ಲೆಕ್ಕ ಬಿಡೋಣ. ಒಂದೇ ಊರಾದರೆ ಡೀಸೆಲ್ ಖರ್ಚೂ ಕಡಿಮೆ, ಬಡ ಮಕ್ಕಳೂ ಬರಬಹುದು. ನಮ್ಮ ತರಗತಿಯಿಂದ ದುಡ್ಡು ಹೊಂದಿಸಲಾಗದೆ ಒಂಬತ್ತು ಮಕ್ಕಳು ಮನೆಯಲ್ಲೇ ಉಳಿದರು. ಸ್ಮಾರಕಗಳಲ್ಲಿ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಕೂಡ ಇಲ್ಲ. ಖರ್ಚೆಲ್ಲ ಬಸ್ಸಿನದೇ.

ಹಾಗಾಗಿ ನನ್ನ ಮೊದಲ ಬೇಡಿಕೆ ಇದೇ. ಈ ವರ್ಷ ಒಂದು ದಿನಕ್ಕೆ ಒಂದೇ ಊರು ಇಟ್ಟುಕೊಳ್ಳಿ. ಬಾದಾಮಿಯಾದರೆ ಬಾದಾಮಿ. ಪಟ್ಟದಕಲ್ಲು, ಐಹೊಳೆ ಎಲ್ಲಿಗೂ ಓಡಿಹೋಗುವುದಿಲ್ಲ, ಮುಂದಿನ ವರ್ಷಕ್ಕೆ ಇರಲಿ. ಬೆಳಗಿನ ತಂಪಿನಲ್ಲಿ ಬಡಗಣ ಗುಡ್ಡ ಹತ್ತಿಸಿ, ಬಿಸಿಲೇರಿದ ಮೇಲೆ ವಸ್ತುಸಂಗ್ರಹಾಲಯ, ಗುಹೆಗಳು. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ಅದನ್ನು ನೋಡಿ ದಿನ ಗೊತ್ತುಮಾಡಿ. ಮರಳುವಾಗ ಹೊತ್ತಿದ್ದರೆ ಐದು ಕಿಲೋಮೀಟರ್ ಆಚೆಯ ಬನಶಂಕರಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವ ತಾಯಂದಿರ ಹತ್ತಿರ ಜೋಳದ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರು ಕೊಡಿಸಿ. ಅದೂ ಒಂದು ಪಾಠವೇ.

ಹೊರಡುವ ಹಿಂದಿನ ವಾರ ಒಂದು ಪಿರಿಯಡ್ ತೆಗೆದಿಟ್ಟು ಎಲ್ಲಿಗೆ ಹೋಗುತ್ತಿದ್ದೇವೆ, ಅಲ್ಲಿ ಏನಿದೆ ಅಂತ ಹೇಳಿ. ಆ ಮೂರು ಸಾಲನ್ನು ಬೋರ್ಡಿನ ಮೇಲೆ ಬರೆಯಿರಿ. ಮಕ್ಕಳು ಬಾಯಿಪಾಠ ಮಾಡಿಕೊಂಡು ಬರಲಿ, ಬಂಡೆಯ ಮುಂದೆ ನಿಂತು ಒಟ್ಟಿಗೆ ಹೇಳಲಿ. ಕಲ್ಲು ಕೆರೆಯುವುದು ಬರೀ ಕೆಟ್ಟ ಚಟವಲ್ಲ, ಅಪರಾಧ ಎಂದೂ ಹೇಳಿ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಲ್ಲಿ, 2010ರ ತಿದ್ದುಪಡಿಯ ನಂತರ, ಸಂರಕ್ಷಿತ ಸ್ಮಾರಕ ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಆದರೆ ಹೆದರಿಸಿ ನಿಲ್ಲಿಸುವುದಕ್ಕಿಂತ ಮೊದಲು ಕಲ್ಲಿನ ಆ ನೀರಿನ ಗೆರೆಗಳನ್ನು ತೋರಿಸಿ. ಅದನ್ನು ಸವರಿ ನೋಡಿದ ಕೈ ಮತ್ತೆ ಕೈವಾರ ಹಿಡಿಯುವುದಿಲ್ಲ ಎಂದು ನನ್ನ ನಂಬಿಕೆ.

ಹೆಣ್ಣುಮಕ್ಕಳ ವಿಷಯದಲ್ಲಿ ನಾನು ಬೇಡಿಕೊಳ್ಳುವುದಿಲ್ಲ, ಗಟ್ಟಿಯಾಗಿಯೇ ಕೇಳುತ್ತೇನೆ. ಶೌಚಾಲಯ ಎಲ್ಲೆಲ್ಲಿ ಇದೆ ಅಂತ ಮೊದಲೇ ವಿಚಾರಿಸಿ. ಎರಡು ತಾಸಿಗೊಮ್ಮೆ ಬಸ್ಸು ನಿಲ್ಲಲೇಬೇಕು. ಗುಡ್ಡ ಹತ್ತುವ ಮೊದಲೂ ಇಳಿದ ಮೇಲೂ ಹೋಗಿಬರಲು ಸಮಯ ಇರಬೇಕು. ಶಿಕ್ಷಕಿಯರು ಅದನ್ನು ಮಕ್ಕಳಿಗೆ ಬಾಯಿಬಿಟ್ಟು ಹೇಳಬೇಕು. ಮಕ್ಕಳು ತಾವಾಗಿ ಕೇಳುವುದಿಲ್ಲ. ಹತ್ತಿ, ಪಟ್ಟಿ, ಮುಲಾಮು, ಒಂದೆರಡು ಪ್ಯಾಡ್ ಇರುವ ಡಬ್ಬಿ ಬಸ್ಸಿನಲ್ಲಿರಲಿ. ಚಿಪ್ಸ್, ಬಿಸ್ಕತ್ತು ಕೈಯಲ್ಲಿ ಹಿಡಿದು ಗುಡ್ಡ ಹತ್ತುವುದು ಬೇಡ. ಕೋತಿಗಳಿಗೂ ಒಳ್ಳೆಯದಲ್ಲ, ಮಕ್ಕಳಿಗೂ ಅಲ್ಲ.

ಜೊತೆಗೆ ಬರುವವರು ಬೇಕಾದರೆ ಹೇಳಿ. ಯಾವ ಶಾಲೆಯಾದರೂ ಸರಿ, ಬಾದಾಮಿ ಗುಡ್ಡಕ್ಕೆ ಇಡೀ ದಿನ ಕೊಡುತ್ತೇವೆ ಅಂದರೆ ಆ ದಿನ ನಾನು ಮಷೀನ್ ಮುಚ್ಚಿಟ್ಟು ಬರುತ್ತೇನೆ. ನನ್ನ ಓಣಿಯ ಇನ್ನೂ ಮೂವರು ತಾಯಂದಿರು ಬರಲು ಒಪ್ಪಿದ್ದಾರೆ. ಪಕ್ಕದ ಮನೆಯ ಮಾಸ್ತರರಿಗೆ ಮೊಣಕಾಲು ನೋವು, ಗುಡ್ಡ ಹತ್ತಲಾರರು. ಆದರೆ ಹೊಂಡದ ದಂಡೆಯಲ್ಲಿ ಕೂತು ಶಾಸನದ ಕಥೆ ಹೇಳುತ್ತೇನೆ ಅಂದಿದ್ದಾರೆ.

ಈ ತಿಂಗಳಲ್ಲೇ ನಿಮ್ಮ ಪ್ರವಾಸದ ಚೀಟಿ ಮನೆಮನೆಗೆ ಬರುತ್ತದೆ. ಅದರಲ್ಲಿ ಒಂದೇ ಊರಿನ ಹೆಸರಿದ್ದರೆ, ಪಾಲಕರ ಸಹಿಯ ಜಾಗದಲ್ಲಿ ಮೊದಲು ಸಹಿ ಮಾಡುವವಳು ನಾನು.

ಇಂತಿ ನಿಮ್ಮ ವಿಶ್ವಾಸಿ,
ಎಂಟನೇ ತರಗತಿಯ ಹುಡುಗಿಯೊಬ್ಬಳ ತಾಯಿ
ನವನಗರ, ಬಾಗಲಕೋಟೆ